ಹೂವಪ್ಪನವರ ತಂಗಿ

ದುರ್ಗಿಗುಡಿ, ಶಿವಮೊಗ್ಗ
೧೨–೬–೧೯೪೧

ಅಣ್ಣನಿಗೆ ಹೂವಿಯ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ. ನಿಮ್ಮ ಸಾಹುಕಾರರ ಪತ್ರ ಬಂತು! ಜನ್ನಾಪುರದಲ್ಲಿ ನಿಮ್ಮ ಪೆಟ್ಟಿಗೆ ಕಾರ್ಖಾನೆಯ ಕೆಲಸಗಾರರ ಲೈನ್ ಮನೆಗಳ ನಡುವೆ ಬಯಲು ಬಿದ್ದಿದೆಯಲ್ಲ, ಅದಕ್ಕೆ ನಾನು ಬರೆದುಕೊಟ್ಟ ಪಾರ್ಕಿನ ನಕ್ಷೆ ಒಪ್ಪಿಗೆಯಾಗಿದೆ. ಈ ಮಳೆಗಾಲದಲ್ಲೇ ಕೆಲಸ ಶುರು ಮಾಡಬೇಕಂತೆ. ನಾಲ್ಕು ಸಲ ಓದಿದೆ ಅಣ್ಣ, ಸುಳ್ಳು ಹೇಳುವುದಿಲ್ಲ.

ಮನೆಯೊಡತಿ ಶಂಕರಮ್ಮನವರಿಗೆ ಹೇಳಿದೆ. "ಪಾರ್ಕ್ ಅಂದ್ರೆ ತೋಟ ತಾನೆ? ಫಸಲು ಏನು ಬರುತ್ತೆ?" ಅಂದರು. ಫಸಲಿಲ್ಲ, ನೆರಳು ಬರುತ್ತೆ ಅಂದೆ. "ನೆರಳಿಗೆ ಯಾರಾದ್ರೂ ನಕ್ಷೆ ಬರೀತಾರೇನೇ ಮಾರಾಯ್ತಿ? ಮರ ನೆಟ್ರೆ ತಾನಾಗೇ ಬೀಳುತ್ತೆ!" ಎಂದು ನಕ್ಕರು. ಎಲ್ಲಿ ಬೀಳಬೇಕು, ಯಾರ ತಲೆಯ ಮೇಲೆ ಬೀಳಬೇಕು, ಯಾವ ಹೊತ್ತಿನಲ್ಲಿ ಬೀಳಬೇಕು ಎನ್ನುವುದೇ ನಾನು ಬೆಂಗಳೂರಿನ ಸರ್ಕಾರಿ ತೋಟದಲ್ಲಿ ಎರಡು ವರ್ಷ ಕೂತು ಕಲಿತ ವಿದ್ಯೆ ಎಂದು ಅವರಿಗೆ ಹೇಗೆ ಹೇಳಲಿ? ಕಾಲೇಜಿನಲ್ಲೂ ಇದೇ ಕಥೆ. ಸಸ್ಯಶಾಸ್ತ್ರದ ಲೆಕ್ಚರರ್ ಎಂದರೆ ದಾಸವಾಳ ಸೀಳಿ ಎಸಳು ಎಣಿಸಿಕೊಂಡು ಇರಬೇಕು ಅಂತ ಎಲ್ಲರ ಲೆಕ್ಕ. ವಾರವೆಲ್ಲ ಬೇರಿನ ಪಾಠ ಹೇಳಿ ಭಾನುವಾರ ಬೇರು ನೆಡಬಾರದೇಕೆ? ನಾನು ಎರಡನ್ನೂ ಮಾಡುವವಳೇ.

ಒಂದು ತಮಾಷೆ. ಪತ್ರದ ಮೇಲೆ "ಶ್ರೀಯುತ ಹೂವಪ್ಪನವರಿಗೆ" ಎಂದಿದೆ. ನಿಮ್ಮ ಆಫೀಸಿನ ಟೈಪಿಸ್ಟ್ ನನಗೆ ಮೀಸೆ ಬರಿಸಿದ್ದಾನೆ. ಹೆಡ್ ಗುಮಾಸ್ತ ನೀನು ಇದ್ದುಕೊಂಡು ಇಂಥ ತಪ್ಪೇ? ಅವನಿಗೆ ಹೇಳಿ ಸರಿಮಾಡಿಸು. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ
ಹೂವಮ್ಮ


ಜನ್ನಾಪುರ, ಭದ್ರಾವತಿ
೧೭–೬–೧೯೪೧

ಹೂವಿಗೆ ಅಣ್ಣ ಮೂರ್ತಪ್ಪನ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಸಂತೋಷವಾಯಿತು. ಹೆಸರಿನ ವಿಷಯ ದೊಡ್ಡದು ಮಾಡಬೇಡ, ಟೈಪಿಸ್ಟ್ ಹೊಸಬ, ಸಮಯ ನೋಡಿ ಹೇಳುತ್ತೇನೆ. ಇನ್ನು ಮುಂದೆ ಕಳಿಸುವ ನಕ್ಷೆಗಳ ಕೆಳಗೆ ಪೂರ್ತಿ ಸಹಿ ಬೇಡ. ಬರೀ "ಹೂ" ಎಂದು ಹಾಕಿದರೆ ಸಾಕು, ಚೆನ್ನಾಗಿಯೂ ಕಾಣುತ್ತದೆ.

ನೀನು ಇಲ್ಲಿಗೆ ಬರುವ ತೊಂದರೆಯನ್ನೂ ತೆಗೆದುಕೊಳ್ಳಬೇಡ. ಮಳೆ, ಕೆಸರು, ಗಾಡಿಯಲ್ಲಿ ರಶ್ಶು. ಅಳತೆ ಏನು ಬೇಕೋ ಬರೆ, ನಾನೇ ಆಳುಗಳನ್ನು ಹಿಡಿದು ಮಾಡಿಸುತ್ತೇನೆ. ಪುಟ್ಟಪ್ಪ ಸಾಹುಕಾರರು ನಕ್ಷೆಯನ್ನು ಮೂರು ಸಲ ಹೊಗಳಿದರು. ನಿನ್ನ ಅತ್ತಿಗೆ ದುರ್ಗಮ್ಮ ಹಲಸಿನ ಹಪ್ಪಳ ಮಾಡಿದ್ದಾಳೆ, ಯಾರಾದರೂ ಆ ಕಡೆ ಬರುವವರಿದ್ದರೆ ಕಳಿಸುತ್ತೇನೆ.

ಮೂರ್ತಪ್ಪ


ದುರ್ಗಿಗುಡಿ
೪–೮–೧೯೪೧

ಅಣ್ಣ,

ನಮಸ್ಕಾರ ಈ ಸಲ ಇಲ್ಲ. ನಿನ್ನೆ ಭಾನುವಾರ ನಾನು ಹೇಳದೆ ಕೇಳದೆ ಜನ್ನಾಪುರಕ್ಕೆ ಬಂದದ್ದು ತಪ್ಪಾಯಿತೆಂದು ನೀನು ಅಂದುಕೊಂಡಿರಬಹುದು. ಬಂದದ್ದೇ ಒಳ್ಳೆಯದಾಯಿತು.

ಬಯಲಿನಲ್ಲಿ ಟೇಪು ಹಿಡಿದು ಗೂಟ ಹೊಡೆಸುತ್ತಿದ್ದೆ. ನಿನ್ನ ಸಾಹುಕಾರರು ಕೊಡೆ ಹಿಡಿಸಿಕೊಂಡು ಬಂದರು. "ಏನಮ್ಮಾ, ಹೂವಪ್ಪನೋರು ಬರ್ಲಿಲ್ವಾ?" ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ನೀನು ಎಲ್ಲಿದ್ದೆಯೋ ಓಡಿಬಂದು, "ಅವ್ರಿಗೆ ಜ್ವರ ಸಾರ್. ಇವ್ಳು ಅವ್ರ ತಂಗಿ, ಟೇಪ್ ಹಿಡಿಯೋಕೆ ಬಂದಿದಾಳೆ" ಎಂದೆ. ಅವರು ನನ್ನ ಕಡೆ ತಿರುಗಿ, "ಅಣ್ಣಂಗೆ ಹುಷಾರಾಗಿ ಇರೋಕೆ ಹೇಳಮ್ಮ, ಅಂಥಾ ತಲೆ ಈ ಸೀಮೇಲಿಲ್ಲ" ಎಂದು ಹೇಳಿ ಹೋದರು!

ನನಗೆ ನಾನೇ ತಂಗಿಯಾದೆ. ನನ್ನ ತಲೆಯನ್ನು ನನ್ನೆದುರಿಗೇ ಹೊಗಳಿ ಅದು ಇನ್ಯಾರದೋ ಕುತ್ತಿಗೆಯ ಮೇಲಿದೆ ಎಂದರು. ಆಗ ನಿನ್ನ ಮುಖ ನೋಡಿದೆ ಅಣ್ಣ, ಬಣ್ಣವೇ ಇರಲಿಲ್ಲ. ಅದಕ್ಕೆ ಸುಮ್ಮನಾದೆ. ಸುಮ್ಮನಾದೆನಲ್ಲ ಎಂದು ರಾತ್ರಿಯೆಲ್ಲ ನನ್ನನ್ನೇ ಬೈದುಕೊಂಡೆ.

ಟೈಪಿಸ್ಟನ ತಪ್ಪಂತೆ! ಮಾಡಿದವನು ನೀನು. ಯಾಕೆ ಮಾಡಿದೆ? ಅದಕ್ಕೆ ಉತ್ತರ ಬರೆ. ಹಪ್ಪಳ ಕಳಿಸಬೇಡ.

ಹೂವಮ್ಮ
(ಪೂರ್ತಿ ಸಹಿ)


ಜನ್ನಾಪುರ
೯–೮–೧೯೪೧

ಹೂವಿ,

ನಿನಗೆ ಸಿಟ್ಟು ಬಂದಿರುವುದು ನ್ಯಾಯವೇ. ಆದರೆ ನನ್ನ ಮಾತೂ ಕೇಳು. ಮೊದಲ ಸಲ ನಕ್ಷೆಯನ್ನು ನಿನ್ನ ಹೆಸರಿನಲ್ಲೇ ಸಾಹುಕಾರರ ಮೇಜಿನ ಮೇಲೆ ಇಟ್ಟಿದ್ದೆ. ಸುರುಳಿ ಬಿಚ್ಚಲೂ ಇಲ್ಲ. ಮೇಲಿನ ಹೆಸರು ನೋಡಿ, "ಏನ್ರೀ ಮೂರ್ತಪ್ಪ, ರಂಗೋಲಿ ಬೇಕಾದಾಗ ಹೇಳ್ಕಳಿಸ್ತೀನಿ ಬಿಡಿ" ಎಂದು ಪಕ್ಕಕ್ಕೆ ಸರಿಸಿದರು. ಆಫೀಸೆಲ್ಲ ನಕ್ಕಿತು. ಹದಿನೈದು ದಿನ ಬಿಟ್ಟು ಅದೇ ಸುರುಳಿಯನ್ನು, ಒಂದೇ ಒಂದು ಅಕ್ಷರ ತಿದ್ದಿ, ಮತ್ತೆ ಇಟ್ಟೆ. ಬಿಚ್ಚಿ ಒಂದು ಗಂಟೆ ನೋಡಿದರು.

ಈಗ ಹೇಳು, ನಿನಗೆ ಕೆಲಸ ಆಗಬೇಕೋ ಹೆಸರು ಆಗಬೇಕೋ? ನಮ್ಮ ಜಾತಿಯಲ್ಲಿ, ನಮ್ಮ ಕೇರಿಯಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು ನೀನೊಬ್ಬಳೇ. ಅಷ್ಟಕ್ಕೇ ಜನರ ಕಣ್ಣು ಬಿದ್ದಿದೆ. ಇದನ್ನೂ ಮೇಲೆ ಹೊರಬೇಕೆ? ನಿನ್ನನ್ನು ಓದಿಸುವಾಗ ಅನ್ನಿಸಿಕೊಂಡದ್ದು ನನಗೆ ಸಾಕಾಗಿದೆ ತಾಯಿ.

ಇನ್ನು ಮುಂದೆ ಈ ವಿಷಯ ಬರೆಯುವುದಾದರೆ ಲಕೋಟೆಯಲ್ಲಿ ಬರೆ. ಇಲ್ಲಿ ಅಂಚೆಯವನು ಓದದೆ ಯಾವ ಕಾಗದವನ್ನೂ ಕೊಡುವುದಿಲ್ಲ.

ಮೂರ್ತಪ್ಪ


(ಕಾರ್ಡು)
ದುರ್ಗಿಗುಡಿ
೧೩–೮–೧೯೪೧

ಅಣ್ಣ, ನೀನು ಲಕೋಟೆ ಎಂದಿದ್ದೆ. ಕಾರ್ಡಿನಲ್ಲೇ ಬರೆದಿದ್ದೇನೆ. ಅಂಚೆಯಣ್ಣಾ, ಓದಿಕೊಳ್ಳಿ, ಜೋರಾಗಿ ಓದಿದರೂ ಸರಿಯೆ. ಮಳೆ ಹೆಸರಿಗಾಗಿ ಕಾಯುವುದಿಲ್ಲ. ಈ ತಿಂಗಳು ಬಿಟ್ಟರೆ ಗಿಡ ಹಿಡಿಯುವುದಿಲ್ಲ. ಅದೊಂದೇ ಕಾರಣಕ್ಕೆ ನೆಡುವ ಕೆಲಸ ಮುಗಿಯುವವರೆಗೆ ಹೂವಪ್ಪನವರ ತಂಗಿಯಾಗಿ ಬರುತ್ತೇನೆ. ಅಲ್ಲಿಗೆ ನೀನು ನನ್ನನ್ನು ಓದಿಸಿದ ಸಾಲ ತೀರಿತು. ಆಮೇಲೆ ನೀನೇ ಸಾಹುಕಾರರಿಗೆ ನಿಜ ಹೇಳಬೇಕು. ಕೆಲಸವೂ ಆಗಬೇಕು, ಹೆಸರೂ ಆಗಬೇಕು. ಒಂದು ತಗೋ ಒಂದು ಬಿಡು ಎನ್ನಲು ಇದೇನು ಸಂತೆಯೇ?
—ಹೂವಮ್ಮ


ಜನ್ನಾಪುರ
೨೦–೧–೧೯೪೨

ಚಿರಂಜೀವಿ ಹೂವಿಗೆ ಆಶೀರ್ವಾದ.

ನೀನು ಪ್ರತಿ ಭಾನುವಾರ ಬಂದು, ಕೆಲಸ ಮಾಡಿಸಿ, ನಿನ್ನ ಅತ್ತಿಗೆಯ ಕೈಯಲ್ಲಿ ಊಟ ಮಾಡಿ ಹೋಗುತ್ತಿದ್ದೆ. ಐದು ತಿಂಗಳಲ್ಲಿ ಒಂದು ಸಲವೂ ಆ ಮಾತೆತ್ತಲಿಲ್ಲ. ಸಿಟ್ಟು ಇಳಿದಿದೆ, ಅಣ್ಣನ ಕಷ್ಟ ಅರ್ಥವಾಗಿದೆ ಎಂದು ನನಗೆ ಸಮಾಧಾನ. ಅದಕ್ಕೇ ಈ ಮಾತನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಫೆಬ್ರವರಿ ಒಂದನೇ ತಾರೀಖು ಭಾನುವಾರ ಪಾರ್ಕಿನ ಪ್ರಾರಂಭೋತ್ಸವ. ಚಪ್ಪರ, ಓಲಗ ಎಲ್ಲ ಗೊತ್ತಾಗಿದೆ. ಕಲ್ಲಿನ ಮೇಲೆ ಸಾಹುಕಾರರ ಹೆಸರು, ಅದರ ಕೆಳಗೆ ನಿನ್ನ, ಅಂದರೆ ಹೂವಪ್ಪನವರ, ಹೆಸರು ಕೆತ್ತಿಸಿದ್ದಾರೆ. ವೇದಿಕೆಯ ಮೇಲೆ ಹೂವಪ್ಪನವರಿಗೆ ಶಾಲು ಹೊದಿಸುತ್ತಾರಂತೆ. ಇಷ್ಟು ದಿನ ಜ್ವರ, ಕಾಲೇಜು, ಪರೀಕ್ಷೆ ಎಂದು ಏನೇನೋ ಹೇಳಿ ತಪ್ಪಿಸಿದೆ. ಇನ್ನು ಆಗುವುದಿಲ್ಲ.

ನಿನ್ನ ಅತ್ತಿಗೆಯ ತಮ್ಮ ಕರಿಯಣ್ಣ ಇದ್ದಾನಲ್ಲ, ಸವಳಂಗ ರಸ್ತೆಯಲ್ಲಿ ಸೈಕಲ್ ಶಾಪ್ ಇಟ್ಟವನು. ಆಳು ಎತ್ತರ, ಕೋಟಿದೆ, ರುಮಾಲಿದೆ, ಮಾತು ಕಮ್ಮಿ. ಒಂದೇ ಒಂದು ಗಂಟೆ ಅವನು ಹೂವಪ್ಪನಾಗಿ ನಿಂತು ಶಾಲು ಹೊದ್ದು ಬಂದರೆ ಎಲ್ಲ ಮುಗಿಯುತ್ತದೆ. ಶಾಲು ನಿನಗೇ ಕೊಡಿಸುತ್ತೇನೆ. ಒಪ್ಪಿಗೆ ಎಂದು ಎರಡು ಅಕ್ಷರ ಬರೆ.

ನಿನ್ನ ಅಣ್ಣ
ಮೂರ್ತಪ್ಪ


ದುರ್ಗಿಗುಡಿ
೨೪–೧–೧೯೪೨

ಅಣ್ಣ,

ಒಪ್ಪಿಗೆ ಇಲ್ಲ.

ಹೊಂಗೆಗೂ ಹುಣಸೆಗೂ ವ್ಯತ್ಯಾಸ ಗೊತ್ತಿಲ್ಲದ ಕರಿಯಣ್ಣ! ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕೋಟು ಹಾಕಿಸಿ ನಿಲ್ಲಿಸುವವನ ಮೇಲಿದೆ. ನಾನು ಮಾತೆತ್ತಲಿಲ್ಲ ಎಂದರೆ ಒಪ್ಪಿದೆ ಎಂದೇ? ಕಾರ್ಡಿನಲ್ಲಿ ನಾನು ಕೇಳಿದ್ದನ್ನು ನೀನೇ ನಡೆಸುತ್ತೀಯೆಂದು ಕಾಯುತ್ತಿದ್ದೆ. ಅತ್ತಿಗೆ ಬಡಿಸುವಾಗಲೆಲ್ಲ, ಇವತ್ತು ಹೇಳುತ್ತಾನೆ, ಇವತ್ತು ಹೇಳುತ್ತಾನೆ ಎಂದುಕೊಳ್ಳುತ್ತಿದ್ದೆ. ನೀನು ಸಾರು ಚೆನ್ನಾಗಿದೆ ಎನ್ನುತ್ತಿದ್ದೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೇನೆ, ನೀನು ಹೆದರುತ್ತೀಯೆಂದು. ದೀಪಾವಳಿ ಕಳೆದ ಮೇಲೆ ಪ್ರಿನ್ಸಿಪಾಲರು ಕರೆಸಿದರು. ನಾನು ಭದ್ರಾವತಿಯಲ್ಲಿ ಆಳುಗಳ ಜೊತೆ ಕೆಸರಿನಲ್ಲಿ ನಿಂತಿದ್ದನ್ನು ಯಾರೋ ಚಾಡಿ ಹೇಳಿದ್ದಾರೆ. "ನೋಡೀಮ್ಮ, ಲೆಕ್ಚರರ್ ಆದೋರು ಗುದ್ದಲಿಯೋರ ಜೊತೆ ನಿಂತ್ರೆ ಹುಡುಗ್ರು ಗೌರವ ಕೊಡ್ತಾರಾ? ಎರಡು ದೋಣಿ ಮೇಲೆ ಕಾಲಿಟ್ರೆ ನಡುನೀರೇ ಗತಿ. ಯಾವುದಾದ್ರೂ ಒಂದು ಇಟ್ಕೊಳ್ಳಿ" ಎಂದರು. "ಎರಡು ದೋಣಿ ಅಲ್ಲ ಸಾರ್, ಒಂದೇ ದೋಣಿ, ಎರಡು ಹುಟ್ಟು. ಒಂದೇ ಹುಟ್ಟು ಹಾಕಿದ್ರೆ ದೋಣಿ ಇದ್ದಲ್ಲೇ ಗಿರಗಿರ ಸುತ್ತುತ್ತೆ" ಎಂದೆ. ಅವರಿಗೆ ಹಿಡಿಸಲಿಲ್ಲ. ಫೆಬ್ರವರಿಯೊಳಗೆ ಹೊರಗಿನ ಕೆಲಸ ಮಾಡುವುದಿಲ್ಲವೆಂದು ಬರೆದುಕೊಡಬೇಕು, ಇಲ್ಲದಿದ್ದರೆ ಜೂನ್‌ನಿಂದ ಕೆಲಸವಿಲ್ಲ.

ಈಗ ನೋಡು, ಅವರು ತೋಟದ ಕೆಲಸ ಬಿಟ್ಟು ಲೆಕ್ಚರರ್ ಎಂಬ ಹೆಸರು ಇಟ್ಟುಕೋ ಎನ್ನುತ್ತಾರೆ. ನೀನು ಹೆಸರು ಬಿಟ್ಟು ಕೆಲಸ ಇಟ್ಟುಕೋ ಎನ್ನುತ್ತೀಯ. ಇಬ್ಬರಿಗೂ ನಾನು ಅರ್ಧ ಸಾಕು. ನನಗೆ ಸಾಲದು.

ಒಂದನೇ ತಾರೀಖು ನಾನು ಬರುತ್ತೇನೆ, ನನ್ನ ಕ್ಲಾಸಿನ ಹುಡುಗರನ್ನೂ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು. ಹೊರಗೆ ಹೋಗಿ ಗಿಡ ನೋಡುವುದು ಪಾಠಪಟ್ಟಿಯಲ್ಲೇ ಇದೆ. ಹೆದರಬೇಡ, ಚಪ್ಪರದ ಹತ್ತಿರ ಬಂದು ಗಲಾಟೆ ಮಾಡುವುದಿಲ್ಲ, ನಾನು ಯಾರೆಂದೂ ಹೇಳುವುದಿಲ್ಲ. ಪಾಠ ಮಾಡಿ ಸಂಜೆಯ ಗಾಡಿಗೆ ವಾಪಸು ಹೋಗುತ್ತೇನೆ. ಅಕ್ಷರ ತಿದ್ದಿದವನು ನೀನು. ಮತ್ತೆ ತಿದ್ದುವುದಾದರೂ ನೀನೇ ತಿದ್ದಬೇಕು.

ಹೂವಮ್ಮ


ಜನ್ನಾಪುರ
೧೦–೨–೧೯೪೨

ಹೂವಿ,

ನೀನು ಹೋದ ಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಶಂಕರಮ್ಮನವರು ಯಾರಿಂದಲೋ ಕೇಳಿ ನಿನಗೆ ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಬರೆಯುತ್ತೇನೆ.

ಭಾಷಣ ಶುರುವಾಗುವ ಮೊದಲು ಸಾಹುಕಾರರು ಕರಿಯಣ್ಣನನ್ನು ಪಕ್ಕದಲ್ಲಿಟ್ಟುಕೊಂಡು ಪಾರ್ಕ್ ಸುತ್ತಲು ಹೊರಟರು. ಇಳಿಜಾರಿನ ಹತ್ತಿರ ನಿಂತು, "ಅಲ್ರೀ ಹೂವಪ್ಪನೋರೇ, ಇಲ್ಲಿ ಮೈಸೂರಿನ ಥರ ಕಲ್ಲಿನ ಮೆಟ್ಲು ಇದ್ದಿದ್ರೆ ಎಷ್ಟು ಲಕ್ಷಣವಾಗಿರೋದು? ಯಾಕೆ ಬಿಟ್ರಿ?" ಎಂದು ಕೇಳಿದರು. ಕರಿಯಣ್ಣ ಬೆವತುಹೋದ. "ಸಿಮೆಂಟು ಸಾಲ್ಲಿಲ್ಲ ಸ್ವಾಮಿ" ಎಂದ.

ಅದೇ ಹೊತ್ತಿಗೆ ನೀನು ಅಲ್ಲೇ ಕೆಳಗಡೆ, ನಮಗೆ ಬೆನ್ನು ಮಾಡಿ, ಹುಡುಗರಿಗೆ ಪಾಠ ಹೇಳುತ್ತಿದ್ದೆ. ನಮ್ಮ ಮಾತು ನಿನಗೆ ಕೇಳಿಸಿತೋ ಇಲ್ಲವೋ ನಾನರಿಯೆ. ನಿನ್ನ ಮಾತು ಮಾತ್ರ ನಮಗೆಲ್ಲ ಕೇಳಿಸಿತು. "ಇಲ್ಲಿ ಮೆಟ್ಲು ಯಾಕಿಲ್ಲ ಹೇಳಿ ನೋಡೋಣ? ಗೊತ್ತಿಲ್ವಾ? ಸೊಂಟದ ಮೇಲೆ ತುಂಬಿದ ಕೊಡ ಇಟ್ಕೊಂಡು ನಡೆದು ನೋಡಿ. ಆ ಕಡೆಯ ಕಾಲು ನಿಮಗೆ ಕಾಣಲ್ಲ. ನಲ್ಲಿಯಿಂದ ಲೈನ್ ಮನೆಗೆ ಹೆಂಗಸರು ಹೋಗೋ ದಾರಿ ಇದು, ಮೆಟ್ಟಿಲಿಟ್ರೆ ದಿನಕ್ಕೊಬ್ಬಳು ಬೀಳ್ತಾಳೆ. ದಾರಿ ಆ ಹುಣಸೇಮರದ ಕಡೆ ಬಾಗಿರೋದೂ ಅದಕ್ಕೇ, ಸಂಜೆ ನಲ್ಲಿ ಬಿಡೋ ಹೊತ್ತಿಗೆ ನೆರಳು ಅಲ್ಲಿರುತ್ತೆ." ಓಲಗದವರೂ ಊದುವುದು ಬಿಟ್ಟು ಕೇಳಿದರು ಹೂವಿ. ನೀನು ಮಾತ್ರ ಒಂದು ಸಲವೂ ತಿರುಗಿ ನೋಡಲಿಲ್ಲ. "ನಡೀರಿ, ಗಾಡಿ ತಪ್ಪುತ್ತೆ" ಎಂದು ಹುಡುಗರನ್ನು ಎಬ್ಬಿಸಿಕೊಂಡು ಹೊರಟುಬಿಟ್ಟೆ.

ಸಾಹುಕಾರರು, "ಭಲೆ, ಅಣ್ಣ ಹೇಳ್ಕೊಟ್ಟಿದ್ದನ್ನ ತಂಗಿ ಎಷ್ಟು ಚೆನ್ನಾಗಿ ಒಪ್ಪಿಸ್ತಾಳೆ!" ಎಂದರು. ನಿನ್ನನ್ನು ಓದಿಸಬೇಡ ಎಂದು ಊರೆಲ್ಲ ಅಂದಾಗ ತಡೆದುಕೊಂಡಿದ್ದೆ, ಇದನ್ನು ತಡೆದುಕೊಳ್ಳಲಾಗಲಿಲ್ಲ. ಎಲ್ಲರೂ ಚಪ್ಪರಕ್ಕೆ ವಾಪಸಾದೆವು. ವೇದಿಕೆಯ ಮೇಲೆ ಹೆಸರು ಕೂಗುವವನು ನಾನೇ ತಾನೆ? ಶಾಲು ಬಿಚ್ಚಿ ಹಿಡಿದಿದ್ದರು. ನಾನು ಎದ್ದು ಹೇಳಿದೆ: "ಹೂವಪ್ಪ ಅನ್ನೋರು ಯಾರೂ ಇಲ್ಲ ಸಾರ್. ಇವ್ನು ಕರಿಯಣ್ಣ, ಸೈಕಲ್ ರಿಪೇರಿ ಮಾಡ್ತಾನೆ. ಈಗ ಪಾಠ ಹೇಳಿ ಹೋದ್ಲಲ್ಲ, ಅವಳು ಹೂವಮ್ಮ. ನಕ್ಷೆ ಅವಳದು, ಗಿಡ ಅವಳದು. ನನ್ನ ತಂಗಿ ಅವಳು."

ಕರಿಯಣ್ಣ ರುಮಾಲು ತೆಗೆದು, "ಅಬ್ಬಾ, ಬದುಕಿದೆ" ಎಂದು ಕೂತೇಬಿಟ್ಟ. ಜನ ಹೋ ಎಂದು ನಕ್ಕರು. ಸಾಹುಕಾರರ ಮುಖ ಕೆಂಪಾಯಿತು. "ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಅನ್ನೋದು ಸುಳ್ಳಲ್ಲ" ಎಂದರು. ಆಗ ಹೆಂಗಸರ ಗುಂಪಿನಿಂದ ನಿನ್ನ ಅತ್ತಿಗೆ ಎದ್ದು ನಿಂತಳು. ನನಗೆ ಎದುರು ಮಾತಾಡಿದವಳಲ್ಲ ಅವಳು. "ನಿಜ ಸ್ವಾಮಿ! ಮೊಣಕಾಲ ಕೆಳಗೇನೈತೆ ಅಂತ ಅವಳೊಬ್ಬಳು ನೋಡಿದ್ದಕ್ಕೇ ನಾವು ಕೊಡ ಹೊತ್ಕೊಂಡು ಬೀಳದೆ ನಡೀತಿದೀವಿ!" ಎಂದಳು. ಆಮೇಲೆ ಯಾರ ಭಾಷಣವೂ ಯಾರಿಗೂ ಕೇಳಿಸಲಿಲ್ಲ.

ಶಾಲು ಮಡಿಸಿ ಮನೆಗೆ ತೆಗೆದುಕೊಂಡು ಹೋದರು. ಮರುದಿನ ಕಲ್ಲಿನ ಮೇಲಿನ ಹೂವಪ್ಪನನ್ನು ಉಳಿಯಿಂದ ಹೊಡೆಸಿ ಹಾಕಿದರು, ಅವರ ಹೆಸರು ಒಂದೇ ಉಳಿಯಿತು. ನನ್ನನ್ನು ಹೆಡ್ ಗುಮಾಸ್ತಿಕೆಯಿಂದ ತೆಗೆದು ಹಲಗೆಯ ಗೋದಾಮಿಗೆ ಹಾಕಿದ್ದಾರೆ. ಅದಕ್ಕೆ ನೀನು ಅಳಬೇಡ. ಅಲ್ಲಿ ನಾನು ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ, ರಾತ್ರಿ ನಿದ್ದೆ ಬರುತ್ತಿದೆ.

ಆದರೆ ನಿನ್ನೆ ನಡೆದದ್ದನ್ನು ಬರೆಯಲು ಕೈ ಬರುತ್ತಿಲ್ಲ. ಪಾರ್ಕಿನ ಗೇಟಿಗೆ ಬೋರ್ಡು ಹೊಡೆಸಿದ್ದಾರೆ. ಬಿಳಿ ಹಲಗೆ, ಕರಿ ಬಣ್ಣ, ಒಂದೊಂದು ಅಕ್ಷರ ಗೇಣುದ್ದ. "ಹೂವಮ್ಮ ಎಂಬವರಿಗೆ ಈ ಪಾರ್ಕಿನೊಳಗೆ ಪ್ರವೇಶವಿಲ್ಲ." ನೀನು ನೆಟ್ಟ ಜಾಗಕ್ಕೆ ನಿನಗೇ ಬಾಗಿಲು ಹಾಕಿದರಲ್ಲ! ಲೈನ್ ಮನೆಯ ಹೆಂಗಸರು ಗುಂಪಾಗಿ ನಿಂತು ಏನು ಬರೆದಿದೆ ಎಂದು ನಿನ್ನ ಅತ್ತಿಗೆಯನ್ನು ಕೇಳಿದರಂತೆ. ಇವಳು ಕಾಗುಣಿತ ಕೂಡಿಸಿಕೊಂಡು ಓದುವವಳು, ಮೊದಲನೇ ಮಾತು ಓದಿ ಅಲ್ಲಿಗೇ ನಿಲ್ಲಿಸಿ, "ಇದನ್ನ ಮಾಡ್ದೋಳ ಹೆಸ್ರು ಕಣ್ರೇ" ಎಂದುಬಿಟ್ಟಿದ್ದಾಳೆ. ಈಗ ಅವರೆಲ್ಲ ಅದನ್ನೇ ನಂಬಿದ್ದಾರೆ.

ಈ ಅವಮಾನ ನೋಡಿಕೊಂಡು ನಾನಿರಲಾರೆ. ಶನಿವಾರ ಕರಿಯಣ್ಣ ಬರುತ್ತಾನೆ. ಇಬ್ಬರೂ ಸೇರಿ ಆ ಬೋರ್ಡನ್ನು ಕಿತ್ತು ಭದ್ರಾ ಹೊಳೆಗೆ ಎಸೆಯುತ್ತೇವೆ. ಆದದ್ದಾಗಲಿ.

ನಿನ್ನ ಅಣ್ಣ
ಮೂರ್ತಪ್ಪ


(ಕಾರ್ಡು)
ದುರ್ಗಿಗುಡಿ
೧೨–೨–೧೯೪೨

ಅಣ್ಣ, ಅಣ್ಣ, ಅಣ್ಣ!

ನಿನ್ನ ಕಾಗದ ಓದಿ ಅತ್ತೆ. ಅತ್ತಿಗೆಯ ಮಾತು ಓದಿ ನಕ್ಕೆ. ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ನೀನು ಎದ್ದು ನಿಂತು ನನ್ನ ಹೆಸರು ಹೇಳಿದೆಯಲ್ಲ, ಇನ್ನು ಜನ್ಮದಲ್ಲಿ ನಿನ್ನ ಮೇಲೆ ಸಿಟ್ಟು ಮಾಡಲಾರೆ.

ಪ್ರಿನ್ಸಿಪಾಲರು ಬರೆದುಕೊಡಿ ಎಂದಿದ್ದರಲ್ಲ, ಇವತ್ತು ಬರೆದುಕೊಟ್ಟೆ: "ಎರಡನ್ನೂ ಮಾಡುತ್ತೇನೆ. ಬಿಡಿಸುವುದಾದರೆ ತಾವು ಬಿಡಿಸಬಹುದು, ನಾನಾಗಿ ಬಿಡುವುದಿಲ್ಲ." ಉತ್ತರ ಬಂದಿಲ್ಲ. ಬರುವವರೆಗೆ ಪಾಠ ಹೇಳುತ್ತೇನೆ, ಬಂದ ಮೇಲೂ ಎಲ್ಲಾದರೂ ಹೇಳುತ್ತೇನೆ.

ಈ ಕಾರ್ಡು ಶನಿವಾರಕ್ಕೆ ಮುಂಚೆ ನಿನ್ನ ಕೈ ಸೇರಲಿ ದೇವರೇ. ಬೋರ್ಡು ಕಿತ್ತೀಯ, ಜೋಕೆ! ಕರಿಯಣ್ಣನಿಗೂ ಹೇಳು. ಎಂಟು ತಿಂಗಳು ಒಂದು ಅಕ್ಷರಕ್ಕಾಗಿ ಹೊಡೆದಾಡಿದೆ. ಈಗ ಸಾಹುಕಾರರೇ ತಮ್ಮ ಖರ್ಚಿನಲ್ಲಿ, ಗೇಣುದ್ದದ ಅಕ್ಷರದಲ್ಲಿ, ನನ್ನ ತೋಟದ ಬಾಗಿಲಿಗೆ ನನ್ನ ಹೆಸರು ಬರೆಸಿದ್ದಾರೆ. "ಮ್ಮ" ಸರಿಯಾಗಿದೆ ತಾನೆ? ಮಳೆಗಾಲಕ್ಕೆ ಬಣ್ಣ ಹೋದರೆ ಇನ್ನೊಂದು ಸಲ ಹೊಡೆಸಿ ಎಂದು ಅವರಿಗೇ ಅರ್ಜಿ ಹಾಕು.

ಮೂಡಲ ಸಾಲಿನ ಹೊಂಗೆಗಳನ್ನು ಆಡು ಮೇಯ್ದಿದೆ ಎಂದು ಕೇಳಿದೆ. ಸಸಿ ತೆಗೆದುಕೊಂಡು ಭಾನುವಾರ ಬೆಳಗಿನ ಗಾಡಿಗೆ ಬರುತ್ತೇನೆ, ಹುಡುಗರೂ ಬರುತ್ತಾರೆ. ಗೇಟಿನ ಕಾವಲುಗಾರ ತಡೆದು "ಯಾರಮ್ಮ ನೀವು?" ಎಂದು ಕೇಳಲಿ. ಬೋರ್ಡು ತೋರಿಸುತ್ತೇನೆ.

ಹೂವಮ್ಮ